ಮೇಲ್ಕಿಟಕಿಯ ತಡೆಗಲ್ಲು

ಬುಧವಾರ ಬೆಳಿಗ್ಗೆ ನಾನು ಕಚೇರಿಗೆ ಹೋಗುವಷ್ಟರಲ್ಲಿ ತೂಗುಬುಟ್ಟಿಯ ಮೇಲ್ವಿಚಾರಕರಾದ ವೃಷಭೇಂದ್ರಯ್ಯನವರು ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟುಕೊಂಡು ಕಾಯುತ್ತಿದ್ದರು. ನಾಲ್ಕೇ ಸಾಲು ಇತ್ತು. ಮೇಲ್ಕಿಟಕಿಯ ತಡೆಗಲ್ಲು ಇಲ್ಲದೆಯೂ ತೂಗುಬುಟ್ಟಿ ಅಪಾಯವಿಲ್ಲದೆ ಓಡುತ್ತದೆಂದು ಪರೀಕ್ಷೆಯಿಂದ ಖಚಿತವಾಗಿದೆ. ಅದರ ಕೆಳಗೆ ಪರೀಕ್ಷಕಿ ಎಂದು ನನ್ನ ಹೆಸರು, ಹೆಸರಿನ ಮೇಲೆ ರುಜುವಿಗೆ ಖಾಲಿ ಜಾಗ.

"ಸಾಕವ್ವ, ಶನಿವಾರ ಸಂಜೆಗೆ ರುಜು ಹಾಕಿಕೊಡು. ಸೋಮವಾರ ಬೆಳಿಗ್ಗೆ ಕಲ್ಲು ಕೀಳಿಸ್ತೀನಿ."

"ಪರೀಕ್ಷೆ ನಾನಿನ್ನೂ ಮಾಡೇ ಇಲ್ವಲ್ಲ ಬುದ್ಧಿ?"

"ನಾನು ಮಾಡ್ಸಿದೀನಲ್ಲ. ಹೋದ ತಿಂಗಳು ಐನೂರು ಸಲ. ಒಂದೂ ತಪ್ಪಿಲ್ಲ. ನೀನೂ ಒಂದು ಸುತ್ತು ಮಾಡಿ ಸಮಾಧಾನ ಮಾಡ್ಕೊ. ಯಾಕೋ ಏನೋ, ನಿನ್ನ ರುಜು ಇಲ್ದಿದ್ರೆ ಊರಿನವರು ನಂಬಲ್ಲ."

ಆ ಮಾತನ್ನು ಅವರು ಹೊಗಳಿಕೆಯಾಗಿ ಹೇಳಿದರೋ ದೂರಾಗಿ ಹೇಳಿದರೋ ಗೊತ್ತಾಗಲಿಲ್ಲ.

ನಮ್ಮೂರಿನಲ್ಲಿ ಒಬ್ಬರು ಒಂದರ ಹಿಂದೊಂದು ಮಾಡಿದ ಎರಡು ಕೆಲಸ ಇನ್ನೊಬ್ಬರಿಗೆ ಅದೇ ಕ್ರಮದಲ್ಲಿ ಕಾಣಬೇಕೆಂದೇನೂ ಇಲ್ಲ. ಪಕ್ಕದ ಮನೆಯ ಗಂಗವ್ವ ಅಂಗಳ ಸಾರಿಸಿ ಆಮೇಲೆ ರಂಗೋಲಿ ಇಟ್ಟರೆ, ನನಗೆ ಒಮ್ಮೊಮ್ಮೆ ರಂಗೋಲಿ ಕಾಣುತ್ತದೆ, ಅದರ ಸುತ್ತ ನಿನ್ನೆಯ ಕಸವೂ ಕಾಣುತ್ತದೆ. ತುಸು ಹೊತ್ತಿಗೆ ಸರಿಹೋಗುತ್ತದೆ. ಮಾಡಿದವಳಿಗೆ ಮಾತ್ರ ತನ್ನ ಕೆಲಸ ಯಾವಾಗಲೂ ಸರಿಯಾಗಿಯೇ ಕಾಣುವುದರಿಂದ "ಕಸದ ಮೇಲೆ ರಂಗೋಲಿ ಇಡ್ತೀಯಾ" ಎಂದವರ ಮೇಲೆ ಅವಳು ಪೊರಕೆ ಎತ್ತಿಕೊಂಡು ಬರುತ್ತಾಳೆ. ಇಬ್ಬರೂ ಹೇಳುವುದು ನಿಜವೇ. ಅದಕ್ಕೇ ನಮ್ಮಲ್ಲಿ ಪ್ರತಿ ಹೊಸಿಲ ಪಕ್ಕದಲ್ಲೂ ಅಂಗೈ ಅಗಲದ ಕರಿಯ ತಡೆಗಲ್ಲೊಂದನ್ನು ಹುಗಿದಿರುತ್ತೇವೆ. ಅದರ ಮೇಲೆ ಕೈ ಊರಿ ಹತ್ತು ಉಸಿರು ನಿಂತರೆ ಹಿಂದಿನದು ಹಿಂದೆ, ಮುಂದಿನದು ಮುಂದೆ. ಆದರೆ ಒಬ್ಬರು ಮುಟ್ಟಿದರೆ ಸಾಲದು. ಮಾಡುವವರು ಎರಡು ಕೆಲಸದ ನಡುವೆ ಮುಟ್ಟಬೇಕು, ನೋಡುವವರು ಎರಡು ನೋಟದ ನಡುವೆ ಮುಟ್ಟಬೇಕು. ಮದುವೆಯಲ್ಲಿ ತಾಳಿ ಕಟ್ಟಿದ ಗಂಡು ಮುಟ್ಟಿದ ಮೇಲೆ, ಊಟಕ್ಕೇಳುವ ಮುನ್ನ ನೆಂಟರೂ ಸಾಲಾಗಿ ಬಂದು ಮುಟ್ಟುತ್ತಾರೆ. ಇಲ್ಲದಿದ್ದರೆ ತಾಳಿಗಿಂತ ಮೊದಲು ಪಾಯಸ ಕಂಡವರು, "ಆ ಮದುವೆ ಆಯ್ತೋ ಇಲ್ವೋ ಯಾರು ಬಲ್ಲರು" ಎಂದು ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ತಿರುಗುತ್ತಾರೆ.

ತೂಗುಬುಟ್ಟಿ ನಿಂತಿರುವುದೂ ಇದೇ ನೇಮದ ಮೇಲೆ. ಮನೆ, ಸಂತೆ, ಸುಣ್ಣದ ಗೂಡು ಎಲ್ಲ ಬಂಡೆಯ ಕೆಳಗಿವೆ. ಶಾಲೆ, ಗಿರಣಿ ಬಂಡೆಯ ಮೇಲಿವೆ. ನಡುವೆ ಒಂಬೈನೂರು ಮೆಟ್ಟಿಲು. ಹತ್ತಲಾರದವರಿಗೆ, ಅಂದರೆ ಎಲ್ಲರಿಗೂ, ಬುಟ್ಟಿ. ಕೆಳಗೆ ಗಂಗವ್ವ ಆಳೆತ್ತರದ ಹಲಗೆಯ ಮೇಲೆ ಒಂದು ಅಂಕಿ ಬರೆಯುತ್ತಾಳೆ. ಮೇಲಿನವರು ರಾಟೆಯ ಇನ್ನೊಂದು ತುದಿಗೆ ಎಷ್ಟು ಕಬ್ಬಿಣದ ಗುಂಡು ತೂಗುಹಾಕಬೇಕು ಎನ್ನುವ ಲೆಕ್ಕ ಅದು. ಬರೆದು, ತನ್ನ ಕಲ್ಲು ಮುಟ್ಟಿ, ಕೆಂಪು ಬಾವುಟ ಏರಿಸುತ್ತಾಳೆ. ಮೇಲ್ಕಿಟಕಿಯಲ್ಲಿ ಕೂತ ಕರಿಸಿದ್ದಜ್ಜ ಬಾವುಟ ನೋಡಿ, ತನ್ನ ಕಲ್ಲು ಮುಟ್ಟಿ, ಹಲಗೆಯ ಅಂಕಿ ಓದಿ, ಅಷ್ಟು ಗುಂಡು ಸಿಕ್ಕಿಸಿ ಗೂಟ ಬಿಚ್ಚುತ್ತಾನೆ. ಬೆಳಿಗ್ಗೆ ಮೊದಲ ಸಲ ಗಿರಣಿಯ ಮೂಟೆಗಳು ಹೋಗುತ್ತವೆ, ಮೂವತ್ತು ಗುಂಡು. ಅದರ ಹಿಂದೆಯೇ ಶಾಲೆಯ ಹನ್ನೆರಡು ಮಕ್ಕಳು, ಆರು ಗುಂಡು. ಅಜ್ಜ ಹೊಸ ಬಾವುಟ ಕಂಡು ಹಳೆಯ ಮೂವತ್ತು ಓದಿದನೋ, ಬುಟ್ಟಿ ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ಹೋಗಿ ಮೇಲಿನ ತೊಲೆಗೆ ಬಡಿಯುತ್ತದೆ. ಆ ಹನ್ನೆರಡು ಮಕ್ಕಳಲ್ಲಿ ನನ್ನ ನೀಲಿ ಒಬ್ಬಳು. ಅವಳಿಗೆ ಒಂಬತ್ತು ವರ್ಷ.

ಕಲ್ಲು ಕೀಳಿಸುವ ಯೋಚನೆ ಕೆಟ್ಟವರದೇನಲ್ಲ. ಮೇಲಿನ ಹತ್ತು ಉಸಿರು, ಕೆಳಗಿನ ಹತ್ತು ಉಸಿರು ಎಂದು ದಿನಕ್ಕೆ ಅರವತ್ತು ಸಲ ನಿಂತರೆ ಸಂತೆಯ ದಿನ ಮೇಲಿನ ಗಿರಣಿಯ ಜನಕ್ಕೆ ಮಾರಲು ಹೋಗುವ ಸೊಪ್ಪಿನವರ ಸಾಲು ಸುಣ್ಣದ ಗೂಡಿನವರೆಗೆ ಬೆಳೆಯುತ್ತದೆ, ಮೇಲೆ ಹೋಗುವಷ್ಟರಲ್ಲಿ ಸೊಪ್ಪು ಬಾಡುತ್ತದೆ. "ಕೆಳಗೊಂದು ಕಲ್ಲು ಇದೆಯಲ್ಲ, ಮೇಲೂ ಯಾಕೆ? ಒಬ್ಬರಿಗೆ ಎಷ್ಟು ಸಲ ಸ್ನಾನ ಮಾಡಿಸ್ತೀರಿ?" ಎಂದು ಸೊಪ್ಪಿನವರು ಕೇಳುತ್ತಿದ್ದರು. ಮೂವತ್ತೊಂದು ವರ್ಷದಿಂದ ಒಂದು ಅವಘಡವೂ ಆಗಿಲ್ಲ ಎಂಬುದೇ ಅವರ ಸಾಕ್ಷಿ. ಮೂವತ್ತೊಂದು ವರ್ಷದಿಂದ ಕಲ್ಲು ಅಲ್ಲೇ ಇತ್ತು ಎಂಬುದು ನನ್ನದು.

ನಾಲ್ಕು ದಿನ ಬುಟ್ಟಿ ನಿಲ್ಲಿಸಿದೆವು. ಮೇಲಿನ ಕಲ್ಲಿಗೆ ಗೋಣಿ ಹೊದಿಸಿದೆ. ಕೆಳಗೆ ನಾನು ಚೀಟಿ ಎತ್ತಿ ಬಂದ ಅಂಕಿಯನ್ನು ಗಂಗವ್ವ ಹಲಗೆಗೆ ಬರೆಯುವುದು, ತನ್ನ ಕಲ್ಲು ಮುಟ್ಟುವುದು, ಬಾವುಟ ಏರಿಸುವುದು. ಮೇಲೆ ಅಜ್ಜ ಬಾವುಟ ಕಂಡ ಕೂಡಲೇ ಏನನ್ನೂ ಮುಟ್ಟದೆ ಹಲಗೆ ಓದಿ ತನ್ನ ಪುಸ್ತಕದಲ್ಲಿ ಗುರುತು ಮಾಡುವುದು. ಐವತ್ತಕ್ಕೊಮ್ಮೆ ಎರಡೂ ಪುಸ್ತಕ ತಾಳೆ ನೋಡುವುದು. ಇಷ್ಟೇ ಪರೀಕ್ಷೆ. ಇದಕ್ಕೆ ಬುದ್ಧಿ ಬೇಡ, ಕುಂಡೆ ಬೇಕು ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಬುಧವಾರ ಒಂಬೈನೂರು ಸಲ, ತಪ್ಪು ಸೊನ್ನೆ. ಸಂಜೆ ಮನೆಗೆ ಬಂದು ಹಿಟ್ಟು ನಾದುವಾಗಲೂ ನನ್ನ ಬಾಯಿ ಅಂಕಿ ಎಣಿಸುತ್ತಿತ್ತು. ನೀಲಿ ಒಲೆಯ ಮುಂದೆ ಕಾಲು ಚಾಚಿ ಕೂತು, "ಮೆಟ್ಲು ಹತ್ತಿ ಹತ್ತಿ ಮೀನಖಂಡ ಹಿಡ್ಕೊಂಡೈತೆ ಅವ್ವ. ನಿನ್ನ ಪರೀಕ್ಷೇಲಿ ಯಾರಾದ್ರೂ ಬೇಗ ಫೇಲಾಗ್ಬಾರ್ದಾ?" ಎಂದಳು. ಅವಳ ಅಪ್ಪ ಗೂಡಿನ ರಾತ್ರಿಪಾಳಿಗೆ ಹೊರಡುತ್ತಾ ನಕ್ಕ. ಆ ವಾರ ನಾವಿಬ್ಬರೂ ಮಾತಾಡಿದ್ದು ಹೊಸಿಲಿನಲ್ಲೇ.

ಗುರುವಾರವೂ ಒಂಬೈನೂರು. ಸೊನ್ನೆ. ವೃಷಭೇಂದ್ರಯ್ಯನವರು ಸಂಜೆಯೇ ಕಾಗದ ಹಿಡಿದು ಬಂದರು.

"ಸಾಲ್ದಾ ತಾಯಿ?"

"ಶನಿವಾರ ಅಂದಿದ್ರಿ."

"ನಿನಗೆ ಅಷ್ಟು ಭಯ ಇದ್ರೆ ರುಜು ಹಾಕಿ ನಿನ್ನ ಮಗಳನ್ನ ಮೆಟ್ಲಲ್ಲಿ ಕಳ್ಸು. ಯಾರು ಬೇಡ ಅಂತಾರೆ?"

"ಉಳಿದ ಹನ್ನೊಂದು ಮಕ್ಕಳ ಅವ್ವಂದಿರು ನನ್ನ ರುಜು ನೋಡಿ ಬುಟ್ಟಿ ಹತ್ತಿಸ್ತಾರಲ್ಲ ಬುದ್ಧಿ."

ಅವರು ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡರು. ಹೇಳುವಾಗ ನನ್ನ ದನಿ ಗಟ್ಟಿಯಾಗಿತ್ತು, ಒಳಗೆ ಅಷ್ಟಿರಲಿಲ್ಲ. ಸಾವಿರದ ಎಂಟುನೂರು ಸಲದಲ್ಲಿ ಒಂದೂ ತಪ್ಪಿಲ್ಲ. ಸೊಪ್ಪಿನವರು ಸರಿಯಿರಬಹುದು, ನಾನು ಮಗಳನ್ನು ನೆನೆದು ಹಟ ಮಾಡುತ್ತಿರಬಹುದು ಎಂದುಕೊಳ್ಳುತ್ತಲೇ ಅಜ್ಜನ ಪುಸ್ತಕ ತರಲು ಮೆಟ್ಟಿಲು ಹತ್ತಿದೆ.

ಮೇಲಿನ ಕೋಣೆಗೆ ಸುಣ್ಣದ ಗೂಡಿನ ಧೂಳು ಸದಾ ಏರಿ ಬರುತ್ತದೆ. ಕಿಟಕಿಯ ದಂಡೆ, ಗುಂಡುಗಳ ಸಾಲು, ಅಜ್ಜನ ರುಮಾಲು ಎಲ್ಲ ಬೆಳ್ಳಗಾಗಿದ್ದವು. ಕಲ್ಲಿಗೆ ಹೊದಿಸಿದ ಗೋಣಿಯೂ ಬೆಳ್ಳಗಿತ್ತು. ಆದರೆ ಅದರ ನಡುವೆ ಒಂದು ಕಡೆ ಧೂಳೇ ಇರಲಿಲ್ಲ. ಐದು ಬೆರಳು, ಒಂದು ಅಂಗೈ. ಆ ಜಾಗದ ನಾರು ತಿಕ್ಕಿ ತಿಕ್ಕಿ ಮಿರುಗುತ್ತಿತ್ತು.

"ಅಜ್ಜ, ನಿನ್ನ ಬಲಗೈ ತೋರ್ಸು."

"ಯಾಕವ್ವ? ಭವಿಷ್ಯ ಹೇಳ್ತೀಯಾ?"

ಅಂಗೈ ಗೆರೆಗಳಲ್ಲಿ ಗೋಣಿಯ ನಾರು ಸಿಕ್ಕಿಕೊಂಡಿತ್ತು. ಅಜ್ಜ ಅದನ್ನು ನೋಡಿದ, ಗೋಣಿಯನ್ನು ನೋಡಿದ, ಮತ್ತೆ ಅಂಗೈ ನೋಡಿಕೊಂಡ. ಅವನ ಮುಖ ಪೆಚ್ಚಾಯಿತು.

"ನಾನ್ ಮುಟ್ಟಿಲ್ಲ ಕಣವ್ವ. ನಮ್ಮಪ್ಪನಾಣೆ."

"ನೀನು ಮುಟ್ಟಿಲ್ಲ ಅಜ್ಜ. ನಿನ್ನ ಕೈ ಮುಟ್ಟೈತೆ. ಬಾವುಟ ಕಂಡ ಮೇಲೆ ನೀನು ಓದೋಕೆ ಎಷ್ಟೊತ್ತು ತಗೊಳ್ತೀಯಾ ಅಂತ ನಾನು ಕೆಳಗಿಂದ ನೋಡ್ತಾನೇ ಇದ್ದೆ. ಮಂಡಿನೋವು, ನಿಧಾನಕ್ಕೆ ಏಳ್ತಾನೆ ಅಂದ್ಕೊಂಡಿದ್ದೆ. ಹತ್ತು ಉಸಿರು ಅದು."

"ಮೂವತ್ತೊಂದು ವರ್ಷ ಕಣವ್ವ," ಎಂದ ಅಜ್ಜ, ಕೈಯನ್ನು ಬೇರೆ ಯಾರದೋ ಎನ್ನುವಂತೆ ತೊಡೆಯ ಮೇಲಿಟ್ಟುಕೊಂಡು. "ಇದು ನನ್ನ ಮಾತು ಕೇಳಲ್ಲ."

"ಹೋದ ತಿಂಗಳ ಐನೂರಕ್ಕೂ ನೀನೇ ಕೂತಿದ್ಯಾ?"

"ಇನ್ಯಾರು ಕೂರ್ತಾರೆ ಈ ಧೂಳಲ್ಲಿ?"

ಗೋಣಿಯ ಮೇಲಿಂದ ಮುಟ್ಟಿದರೂ ಕಲ್ಲು ಕಲ್ಲೇ. ನಾವು ಎರಡು ದಿನ ಕಲ್ಲು ಇದ್ದಾಗ ಬುಟ್ಟಿ ಸುರಕ್ಷಿತವೇ ಎಂದು ಪರೀಕ್ಷೆ ಮಾಡಿದ್ದೆವು, ಹೌದು, ಸುರಕ್ಷಿತ. ನಾನು ಅಲ್ಲೇ ಕೂತು ಸಾವಿರದ ಎಂಟುನೂರು ಸಾಲಿನ ಮೇಲೆ ಅಡ್ಡಗೆರೆ ಎಳೆದೆ. ಎರಡು ದಿನದ ದುಡಿಮೆ ಹೋಯಿತಲ್ಲ ಎನಿಸಿತು, ಸುಳ್ಳು ಯಾಕೆ. ಆದರೆ ಮೆಟ್ಟಿಲಿಳಿಯುವಾಗ ನನ್ನ ಕಾಲಿಗೆ ಬೆಳಿಗ್ಗೆ ಇಲ್ಲದ ಶಕ್ತಿ ಬಂದಿತ್ತು.

ಶುಕ್ರವಾರ ಅಜ್ಜನ ಎರಡು ಕೈಗೂ ಒಂದು ತಂಬಿಗೆ ಕೊಟ್ಟೆ. ಕಂಠದವರೆಗೆ ನೀರು. ಚೆಲ್ಲಬಾರದು. ಪುಸ್ತಕ ಬರೆಯಲು ಸಂತೆಯ ಬಸಮ್ಮನನ್ನು ಬಾಗಿಲಾಚೆ ಬೆನ್ನು ತಿರುಗಿಸಿ ಕೂರಿಸಿದೆ. ಅಜ್ಜ ಅಂಕಿ ಕೂಗಬೇಕು, ಅವಳು ಬರೆಯಬೇಕು. "ಮದುಮಗಳು ಕಳಸ ಹಿಡ್ದಂಗೆ ಕೂತವ್ನೆ ನೋಡ್ರವ್ವ," ಎಂದು ಬಸಮ್ಮ ನಕ್ಕಳು. "ನಿನ್ನ ಗಂಡನ್ನ ಕರ್ಕೊಂಬಾ, ಪಕ್ಕದಲ್ಲಿ ಕೂರಿಸ್ತೀನಿ," ಎಂದ ಅಜ್ಜ. ಈಗ ಪ್ರತಿ ಸಲವೂ ಮೇಲಿನ ಹತ್ತು ಉಸಿರು ಉಳಿತಾಯವಾಗುತ್ತಿತ್ತು. ಸಂಜೆಗೆ ಸಾವಿರದ ಐನೂರು ಸಲ ಆಯಿತು.

ಸೊನ್ನೆ.

ಮನೆಯಲ್ಲಿ ನೀಲಿಯ ತಲೆ ಬಾಚುತ್ತಾ ಆ ಸೊನ್ನೆಯನ್ನೇ ಯೋಚಿಸಿದೆ. ಬುಟ್ಟಿ ನಿಂತಿದೆ, ಅಂಗಳ ಖಾಲಿ, ಗಂಗವ್ವ ಒಬ್ಬಳೇ ಬರೆಯುತ್ತಾಳೆ, ಅಜ್ಜ ಒಬ್ಬನೇ ನೋಡುತ್ತಾನೆ. ನೀಲಿಯ ಕೂದಲಿನಲ್ಲಿ ಎರಡೇ ಎಳೆಯಿದ್ದಿದ್ದರೆ ಸಿಕ್ಕೇ ಆಗುತ್ತಿರಲಿಲ್ಲ. ಮಕ್ಕಳ ಬುಟ್ಟಿ ಹೋಗುವುದು ಏಳೂವರೆಗೆ, ಸಂತೆ ನೆರೆಯುವ ಹೊತ್ತಿಗೆ. ಮೂಟೆ ಇಳಿಸುವವರು, ಕೊಡ ತುಂಬುವವರು, ಗಾಡಿ ತಿರುಗಿಸುವವರು, ನೂರು ಜನರ ನೂರು ಕೆಲಸ ಒಂದೇ ಕಣ್ಣಿಗೆ ಬಂದು ಬೀಳುವ ಹೊತ್ತದು. ನಾನು ಖಾಲಿ ಅಂಗಳದಲ್ಲಿ ಸಂತೆಯ ಪರೀಕ್ಷೆ ಮಾಡುತ್ತಿದ್ದೆ. ಬಾಚಣಿಗೆಯನ್ನು ಅವಳ ಕೂದಲಲ್ಲೇ ಬಿಟ್ಟು ಗಂಗವ್ವನ ಮನೆಗೆ ಹೋದೆ.

"ನಾಳೆ ಮೂವತ್ತು ಹೆಂಗಸರು ಬೇಕು."

"ಏನ್ ಮಾಡಕ್ಕೆ?"

"ಹಲಗೆಯ ಸುತ್ತ ಕೊಡ ಎತ್ತಿ ಇಡಕ್ಕೆ. ಎತ್ತೋದು, ಇಡೋದು. ಎತ್ತೋದು, ಇಡೋದು. ದಿನವೆಲ್ಲ."

"ತುಂಬಿದ ಕೊಡವೋ ಖಾಲೀದೋ?"

"ಯಾವುದಾದ್ರೂ ಸರಿ."

ಗಂಗವ್ವ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದಳು. ಆಮೇಲೆ, "ಚಿತ್ರಾನ್ನ ಮಾಡಿಸ್ತೀಯಾ?" ಎಂದಳು.

ಶನಿವಾರ ನಲವತ್ತೆರಡು ಜನ ಬಂದರು. ಹನ್ನೊಂದು ಮಕ್ಕಳ ಅವ್ವಂದಿರೂ ಬಂದಿದ್ದರು. ಕೆಲವರು ಕೊಡ ತಂದಿದ್ದರು, ಕೆಲವರು ಒರಳುಕಲ್ಲಿನ ಗುಂಡು, ಒಬ್ಬಳು ಕೋಳಿಬುಟ್ಟಿ. ಸೊಪ್ಪಿನವರೂ ಗೇಲಿ ಮಾಡಲೆಂದು ಬಂದು, ಸುಮ್ಮನೆ ನಿಲ್ಲಲಾರದೆ ತಮ್ಮ ಮಂಕರಿಗಳನ್ನು ಎತ್ತಿ ಇಡತೊಡಗಿದರು. ಅಂಗಳದಲ್ಲಿ ಎದ್ದ ಗದ್ದಲಕ್ಕೆ ನನಗೇ ಯಾವುದು ಮೊದಲು ಯಾವುದು ಆಮೇಲೆ ತಿಳಿಯದಾಯಿತು. ಎತ್ತಿದ ಕೊಡ ಕೆಳಗೇ ಕಾಣುತ್ತಿತ್ತು, ಬುಟ್ಟಿಯಲ್ಲಿದ್ದ ಕೋಳಿ ಹೊರಗೆ ಕಾಣುತ್ತಿತ್ತು. ಗಂಗವ್ವ ಮಾತ್ರ ಅಲುಗಾಡದೆ ಬರೆದಳು, ಮುಟ್ಟಿದಳು, ಏರಿಸಿದಳು. ನಾನು ಚೀಟಿ ಎತ್ತಿದೆ.

ಮಧ್ಯಾಹ್ನ ಸಾವಿರದ ನಲವತ್ಮೂರನೆಯ ಸಾಲಿನಲ್ಲಿ ತಾಳೆ ತಪ್ಪಿತು. ಕೆಳಗಿನ ಪುಸ್ತಕದಲ್ಲಿ ಒಂಬತ್ತು. ಮೇಲಿನದರಲ್ಲಿ ಇಪ್ಪತ್ತೆರಡು. ಅದಕ್ಕೂ ಹಿಂದಿನ ಸಾಲಿನ ಅಂಕಿ ಇಪ್ಪತ್ತೆರಡೇ. ಬಾವುಟ ಹೊಸದು, ಹಲಗೆ ಹಳೆಯದು.

ಮೇಲಿನ ಕೋಣೆಯಲ್ಲಿ ನಾನು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ವೃಷಭೇಂದ್ರಯ್ಯನವರಿಗೆ ತೋರಿಸಿದೆ. 

"ಮುದುಕನ ಕಣ್ಣು," ಎಂದರು.

ಕಿಟಕಿಯಲ್ಲಿ ತಂಬಿಗೆ ಹಿಡಿದೇ ಇದ್ದ ಅಜ್ಜ, "ಕಣ್ಣು ಸರಿಯಾಗೇ ಐತೆ ಬುದ್ಧಿ, ನೀವು ಹೋದ ವಾರ ಯಾರ ಮನೆ ಹಿತ್ತಲಲ್ಲಿ ಸೀಬೆಹಣ್ಣು ಕಿತ್ರಿ ಅಂತ ಇಲ್ಲಿಂದ್ಲೇ ಹೇಳ್ತೀನಿ," ಎಂದ. ಬಾಗಿಲಾಚೆ ಬಸಮ್ಮ ಕಿಸಕ್ಕೆಂದಳು.

"ಹಾಗಾದ್ರೆ ನಾನೇ ನೋಡ್ತೀನಿ. ತಾ ಇಲ್ಲಿ," ಎಂದು ಅವರು ಅಂಗಿಯ ತೋಳು ಮಡಿಸಿದರು. ಹೊಸ ಕಣ್ಣು, ಕನ್ನಡಕವೂ ಇಲ್ಲ. "ಬಸಮ್ಮ ಬೇಡ. ನನ್ನ ಅಂಕಿ ನಾನೇ ಬರ್ಕೊಳ್ತೀನಿ. ಓದೋವರೆಗೆ ತಂಬಿಗೆ, ಆಮೇಲೆ ಪೆನ್ಸಿಲ್ಲು." ಅವರು ಮೋಸ ಮಾಡುವವರಲ್ಲ; ನಾನು ಕೆಳಗಿಳಿದೆ. ಅವರಿಗೆ ತಪ್ಪು ಸಿಗದಿದ್ದರೆ ಸಂಜೆ ನನ್ನ ಒಂದು ಸಾಲು, ಅದೂ ಮುದುಕನ ಕಣ್ಣಿನದು, ಸರಿಯಾಗಿ ತಾಳೆಯಾದ ಮೂರು ಸಾವಿರ ಸಾಲಿನ ಎದುರು ನಿಲ್ಲಬೇಕಾಗಿತ್ತು.

ಹೆಂಗಸರ ಸೊಂಟ ಬಿದ್ದುಹೋಗಿತ್ತು. "ಇನ್ನೆಷ್ಟವ್ವ?" ಎಂದರು. ಇನ್ನೈವತ್ತು ಎಂದೆ. ಐವತ್ತಾದ ಮೇಲೆ ಮತ್ತೈವತ್ತು ಎಂದೆ. ಒಬ್ಬಳು ಕೊಡ ಕೆಳಗಿಟ್ಟು ಹೋಗಲು ತಿರುಗಿದಳು; ಅವಳ ಮಗ ನೀಲಿಯ ಪಕ್ಕದಲ್ಲಿ ಕೂರುವವನು.  ಅವಳು ನಾಲ್ಕು ಹೆಜ್ಜೆ ಹೋಗಿ, ಬಂಡೆಯ ತುದಿಯನ್ನೊಮ್ಮೆ ನೋಡಿ, ವಾಪಸ್ಸು ಬಂದು ಕೊಡ ಎತ್ತಿದಳು. ಬಿಸಿಲು ಇಳಿಯುವ ಹೊತ್ತಿಗೆ ಬೆಳಗಿನದೂ ಸೇರಿ ಸಾವಿರದ ಏಳುನೂರು ಸಾಲು ಆಗಿತ್ತು. ವೃಷಭೇಂದ್ರಯ್ಯನವರು ತಮ್ಮ ಪುಸ್ತಕ ಹಿಡಿದು ಕೆಳಗೆ ಬಂದರು. ತಾಳೆ ನೋಡಲು ಅವರನ್ನೇ ಕೂರಿಸಿದೆ. ನಾನು ಓದಿದೆ, ಅವರು ತಮ್ಮ ಸಾಲಿನ ಮೇಲೆ ಬೆರಳು ಸರಿಸಿದರು.

"ಹದಿನಾಲ್ಕು."

"ಹದಿನಾಲ್ಕು."

"ಮೂವತ್ತು."

"ಮೂವತ್ತು."

"ಆರು."

ಅವರ ಬೆರಳು ನಿಂತಿತ್ತು. ನಾನು ಮತ್ತೊಮ್ಮೆ ಆರು ಎಂದೆ. ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ದುಂಡಗಿನ, ಕಚೇರಿಯ ಪತ್ರಗಳಲ್ಲಿ ನಾನು ಹದಿನೈದು ವರ್ಷದಿಂದ ನೋಡಿದ ಅಕ್ಷರ. ಮೂವತ್ತು. ಅದರ ಕೆಳಗೆ ಮತ್ತೂ ಮೂವತ್ತು.

"ನಾನು ಸ್ಪಷ್ಟವಾಗಿ ನೋಡ್ದೆ," ಎಂದರು ಮೆಲ್ಲಗೆ. "ಬಾವುಟ ಬಂತು. ಹಲಗೆ ನೋಡ್ದೆ. ಮೂವತ್ತಿತ್ತು."

"ಇತ್ತು ಬುದ್ಧಿ," ಎಂದ ಅವರ ಹಿಂದೆಯೇ ಮೆಟ್ಟಿಲಿಳಿದು ಬಂದಿದ್ದ ಅಜ್ಜ. "ಅದೇ ಅಲ್ವಾ ತೊಂದ್ರೆ."

ಸೊಪ್ಪಿನವರಲ್ಲಿ ಒಬ್ಬ, "ಇಡೀ ದಿನಕ್ಕೆ ಎರಡೇ ತಾನೇ ತಪ್ಪಿದ್ದು?" ಎಂದ.  ಬುಟ್ಟಿ ದಿನಕ್ಕೆ ಅರವತ್ತು ಸಲ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹದಿನೈದು ದಿನಕ್ಕೊಂದು ಎಂದು ಅವನೇ ಲೆಕ್ಕ ಹಾಕಿಕೊಂಡಿರಬೇಕು, ಸ್ವಲ್ಪ ಹೊತ್ತಿಗೆ ಮಂಕರಿ ಎತ್ತಿಕೊಂಡು ಹೋದ. ವೃಷಭೇಂದ್ರಯ್ಯನವರು ಜೇಬಿನ ಕಾಗದವನ್ನು ತೆಗೆದು ನಾಲ್ಕು ಚೂರು ಮಾಡಿದರು. ಆಮೇಲೆ ಆ ವಯಸ್ಸಿನಲ್ಲಿ ಮತ್ತೆ ಒಂಬೈನೂರು ಮೆಟ್ಟಿಲು ಹತ್ತಿ ಹೋದರು. ಅವರು ಗೋಣಿ ತೆಗೆದು, ತಮ್ಮ ಶಲ್ಯದಿಂದ ಕಲ್ಲಿನ ಧೂಳು ಒರೆಸಿದರೆಂದು, ಅವರ ಹಿಂದೆಯೇ ಹತ್ತಿ ಹೋಗಿದ್ದ ಅಜ್ಜ ಆಮೇಲೆ ಹೇಳಿದ.

ಸೋಮವಾರ ಏಳೂವರೆಗೆ ಸಂತೆಯ ಸಾಲು ಗೂಡಿನವರೆಗೆ ಬೆಳೆದಿತ್ತು. ಗೊಣಗುವವರು ಗೊಣಗುತ್ತಿದ್ದರು. ಗಿರಣಿಯ ಮೂಟೆ ಮೇಲೆ ಹೋಯಿತು. ಹನ್ನೆರಡು ಮಕ್ಕಳು ಬುಟ್ಟಿ ಹತ್ತಿದರು, ನೀಲಿ ಅಂಚಿಗೆ ಕೂತು, "ನೀನ್ಯಾಕೆ ನಿಂತಿದ್ಯಾ, ಕಚೇರಿಗೆ ಹೊತ್ತಾಗಲ್ವಾ?" ಎಂದಳು. ಗಂಗವ್ವ ಆರು ಎಂದು ಬರೆದಳು, ಕಲ್ಲು ಮುಟ್ಟಿ ನಿಂತಳು, ಬಾವುಟ ಏರಿಸಿದಳು.

ಬಂಡೆಯ ತುದಿಯಲ್ಲಿ ನೀಲಿ ನಿಂತು ಕೈ ಬೀಸುವುದು ಕಂಡಿತು. ಅವಳದೇ ಲಂಗ, ಬಲಗೈ. ಕೆಳಗೆ ನನ್ನೆದುರು ಬುಟ್ಟಿ ಇನ್ನೂ ಹೊರಟಿರಲಿಲ್ಲ. ಅದರಲ್ಲಿ ಹನ್ನೆರಡು ತಲೆ ಇದ್ದವು, ಅಂಚಿನಲ್ಲಿ ನಾನೇ ಹೆಣೆದ ಜಡೆ. ಪಕ್ಕದಲ್ಲಿದ್ದ ಹೆಂಗಸು, "ಮೇಲೆ ತಲುಪಿದ್ರು ಕಣೇ, ಮಕ್ಕಳು ತಲುಪಿದ್ರು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಂತೆಯ ಕಡೆ ನಡೆದಳು. ನನಗೂ ಹೊತ್ತಾಗಿತ್ತು. ಆದರೆ ನಾನು ಅಂಗಳ ದಾಟಿ ಗಂಗವ್ವನ ಕಲ್ಲಿನ ಹತ್ತಿರ ಹೋಗಿ, ಬಗ್ಗಿ, ಅಂಗೈ ಊರಿದೆ. ಕಲ್ಲು ತಣ್ಣಗಿತ್ತು. ಹಿಂದಿನಿಂದ ಯಾರೋ, "ಬೇಗ ಆಗ್ಲಿ ತಾಯಿ, ಸೊಪ್ಪು ಬಾಡ್ತೈತೆ," ಎಂದರು. ನಾನು ಒಂದೊಂದೇ ಉಸಿರು ಎಣಿಸಿದೆ.

ಹತ್ತನೆಯದನ್ನು ಬಿಟ್ಟು ತಲೆಯೆತ್ತಿದೆ. ಕೆಳಗೆ ಬುಟ್ಟಿ ಇರಲಿಲ್ಲ. ಮೇಲೆ ಉಳಿದ ಮಕ್ಕಳೆಲ್ಲ ಶಾಲೆಯ ಕಡೆ ಓಡುತ್ತಿದ್ದರು. ನೀಲಿ ಒಬ್ಬಳೇ ಇನ್ನೂ ಅಲ್ಲೇ ನಿಂತು ಕೈ ಬೀಸುತ್ತಿದ್ದಳು. ಅವ್ವ ಕಲ್ಲು ಮುಟ್ಟಿ ತನ್ನತ್ತ ನೋಡುವವರೆಗೆ ನಿಲ್ಲಿಸಬಾರದೆಂದು ಅವಳಿಗೆ ಗೊತ್ತು.